ಉ ಅಂದರೆ ಉಪ್ಪು

ನಾಲ್ಕು ದಿನದ ಜ್ವರ ಬಿಟ್ಟ ಬೆಳಿಗ್ಗೆ ಸಂಶೋಧನಾ ವಿದ್ಯಾರ್ಥಿನಿ ಗಾಜಿನ ಮನೆಯ ಬಾಗಿಲು ತೆರೆದಾಗ ಕಾಮಕಸ್ತೂರಿ ಗಿಡಗಳೆಲ್ಲ ತಲೆಯೆತ್ತಿ ನಿಂತಿದ್ದವು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಅವಳು ಬಾಗಿಲಲ್ಲೇ ಗಕ್ಕನೆ ನಿಂತಳು.

ಬಲಗಡೆಯ ಇಪ್ಪತ್ತು ಕುಂಡಗಳು ಹಾಗೆ ನಿಲ್ಲುವಂತಿರಲಿಲ್ಲ. ಏಳು ವಾರ ಅವಕ್ಕೆ ಲೀಟರಿಗೆ ಮೂರು ಗ್ರಾಂ ಉಪ್ಪು ಬೆರೆಸಿದ ನೀರನ್ನೇ ಹಾಕಿದ್ದಳು. ಉಪ್ಪಿನ ಕಾಟಕ್ಕೆ ಎಲೆ ಚಿಕ್ಕದಾಗುತ್ತದೆ. ಒಳಗಿನ ಎಣ್ಣೆ ಮಾತ್ರ ಹೆಚ್ಚುತ್ತದೆಯೇ? ಅವಳ ಪ್ರಬಂಧವೆಲ್ಲ ನಿಂತಿದ್ದು ಈ ಪ್ರಶ್ನೆಯ ಮೇಲೆ. ನಾಳೆ ಎಲೆ ಕೊಯ್ದು ಎಣ್ಣೆ ಬಟ್ಟಿ ಇಳಿಸಬೇಕು. ಹೋದ ಸಲ ಬೆಳೆಯೆಲ್ಲ ಹುಳದ ಪಾಲಾಗಿತ್ತು. ಇದೇ ಕೊನೆಯ ಅವಕಾಶ ಎಂದು ಮಾರ್ಗದರ್ಶಕಿ ಮೇಡಂ ಹೇಳಿಯಾಗಿತ್ತು.

ಮೂಲೆಯಲ್ಲಿ ಅವಳು ಉಪ್ಪು ಬೆರೆಸಿಟ್ಟಿದ್ದ ಡ್ರಮ್ಮು ಹಾಗೇ ತುಂಬಿಕೊಂಡಿತ್ತು.

"ಅಜ್ಜಾ, ಇವಕ್ಕೆ ಯಾವ ನೀರು ಹಾಕಿದ್ರಿ?"

ತೋಟದಜ್ಜ ಪೈಪು ಸುತ್ತುತ್ತ ಹೆಮ್ಮೆಯಿಂದ ನಕ್ಕ. "ನಲ್ಲಿ ನೀರು ಕಣಮ್ಮ. ನಾಲ್ಕು ದಿನ, ತಳದಿಂದ ಸೋರೋವರೆಗೂ. ಕುಂಡದ ಮೇಲಿನ ಚೀಟಿ ನೋಡ್ಕೊಂಡು ಹಾಕಿ ಅಂತ ಫೋನಲ್ಲಿ ನೀನೇ ಹೇಳಿದ್ಯಲ್ಲ. 'ಉ' ಅಂತ ಬರ್ದಿತ್ತು."

"ಉ ಅಂದ್ರೆ ಉಪ್ಪು!"

"ಅಯ್ಯೋ, ನಾನು 'ಉಳಿಸು' ಅಂದ್ಕೊಂಡೆ. ಪಾಪ, ಸಾಯೋ ಹಂಗಿದ್ವು. ಎಡಗಡೆ 'ಸಾ' ಅಂತಿತ್ತು. ಚೆನ್ನಾಗಿರೋವನ್ನ ಯಾಕೆ ಸಾಯಿಸ್ತಾಳೆ ಈ ಹುಡುಗಿ ಅಂತ ಅವಕ್ಕೂ ಒಂದಿಷ್ಟು ಹಾಕ್ದೆ."

"ಸಾದಾ ನೀರು ಅಜ್ಜಾ, ಸಾದಾ!"

ನಗು ಬಂತು, ಅದರ ಬೆನ್ನಿಗೇ ಅಳು. ಕೂರಲಾಗಲಿಲ್ಲ. ಸಾಲುಗಳ ನಡುವೆ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಕುಂಡದಿಂದ ಸೋರಿದ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟಳು: ಸಪ್ಪೆ.

ಪ್ರಯೋಗದ ದಿನಚರಿಯಲ್ಲಿ ನಾಲ್ಕು ಸಾಲು ಖಾಲಿಯಿದ್ದವು. ನಾಲ್ಕಕ್ಕೂ 'ಮೂರು ಗ್ರಾಂ' ಎಂದು ಗೀಚಿದರೆ ಯಾರಿಗೆ ಗೊತ್ತಾಗುತ್ತದೆ? ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನನ್ನ ಹೆಸರೇ ಹೇಳ್ಬಿಡಮ್ಮ," ಅಂದ ಅಜ್ಜ. "ಹೆಚ್ಚಂದ್ರೆ ಮನೆಗೆ ಕಳಿಸ್ತಾರೆ. ಅಲ್ಲೂ ನನ್ನ ಹೆಂಡ್ತಿ ನನ್ನ ಕೈಲಿ ನೀರೇ ಹೊರಿಸೋದು."

ಅವಳು ಬಲಗಡೆಯ ಒಂದು ಎಲೆ ಕಿತ್ತು ಹಿಸುಕಿದಳು. ಘಾಟು ಮೂಗಿಗೆ ಬಡಿಯಿತು. ಎಡಗಡೆಯದನ್ನೂ ಹಿಸುಕಿದಳು, ಅದರದು ಅಂಜುತ್ತ ಬರುವ ವಾಸನೆ. ಹಾಗಾದರೆ ಉಪ್ಪು ತೊಳೆದುಹೋದರೂ ಎಣ್ಣೆ ಉಳಿದಿದೆಯೇ? ಅಥವಾ ಇದು ಜ್ವರದ ಮೂಗೇ? ಬಟ್ಟಿ ಇಳಿಸಿದರೆ ತಿಳಿಯುತ್ತದೆ. ಆದರೆ ಈ ನಾಲ್ಕು ಸಾಲು ಸುಳ್ಳಾದರೆ ಆ ತಿಳಿವಳಿಕೆಗೂ ಅರ್ಥವಿಲ್ಲ.

ಅವಳು 'ನಲ್ಲಿ ನೀರು' ಎಂದು ನಾಲ್ಕು ಸಲ ಬರೆದಳು. ಕೆಳಗೆ, 'ಚೀಟಿಯಲ್ಲಿ ಬಿಡಿಸಿ ಬರೆಯದೇ ಇದ್ದದ್ದು ನನ್ನ ತಪ್ಪು.' ಮನಸ್ಸು ಬದಲಾಗುವ ಮುಂಚೆ ಫೋನು ಹಚ್ಚಿದಳು.

"ಮೇಡಂ, ಕೊನೆವರೆಗೂ ಕೇಳಿ, ಆಮೇಲೆ ಬೈರಿ."

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.