ಅಕ್ಕಿ ಡಬ್ಬಿಯಲ್ಲಿದ್ದ ಮೊಟ್ಟೆ

ಸೀತಾಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತ್ತು. ಅವಳ ಅಂಗೈಯಲ್ಲಿದ್ದ ಮೊಟ್ಟೆ ಬೆಳ್ಳಗೆ ಬೋಳಾಗಿತ್ತು. ಸಿಂಕಿನ ಪಕ್ಕದ ಟಿಶ್ಯೂ ತುಂಬ ಕೆಂಪು, ಹಳದಿ, ಕಪ್ಪು. ಅದರ ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ.

"ಅಕ್ಕಿ ಡಬ್ಬೀಲಿ ಮೊಟ್ಟೆ ಬಚ್ಚಿಟ್ಟಿದೀಯಲ್ಲ, ಏನಂತ ತಿಳ್ಕೊಳ್ಳಲಿ?" ಎಂದು ಗಂಡ ರಮಾನಂದ ಅವಳ ಮೇಲೇ ರೇಗಿದ. "ಅದೂ ಕೋವಿಡ್ ಬಂದವಳ ಮನೇದು. ಒರೆಸಿಟ್ಟೆ. ಅದೂ ತಪ್ಪಾ?"

ಕೋವಿಡ್ ಬಂದವಳು ಒಕ್ಸಾನಾ. ಪರದೇಶದಲ್ಲಿ ಇವರು ನೆಲೆಸಿದ್ದ ಮಾಂಟ್ ಕಿಯಾರಾ ಬಡಾವಣೆಯ ಹತ್ತೊಂಬತ್ತನೇ ಮಹಡಿಯಲ್ಲಿ ಎದುರು ಬಾಗಿಲಿನವಳು, ಉಕ್ರೇನಿನ ಪಿಯಾನೋ ಟೀಚರ್. ಕ್ವಾರಂಟೈನ್ ಕೇಂದ್ರಕ್ಕೆ ಕರೆದೊಯ್ಯಲು ವ್ಯಾನು ಬರುವ ಮುಂಚೆ ಒಂದು ಪೆಟ್ಟಿಗೆಯನ್ನು ಇವರ ಬಾಗಿಲ ಬಳಿ ಇಟ್ಟು ಫೋನ್ ಮಾಡಿದ್ದಳು. ಮನೆಯೊಳಗೆಲ್ಲ ಔಷಧಿ ಸಿಂಪಡಿಸಲು ಜನ ಬರುತ್ತಾರೆ, ಮೊಟ್ಟೆಗೆ ತಾಗಿದರೆ ಬಣ್ಣ ಉಳಿಯುವುದಿಲ್ಲ, ನೀನು ಕಾಪಾಡು, ತೊಳೆಯಬೇಡ, ಒದ್ದೆ ಕೈ ಸೋಕಿಸಬೇಡ ಎಂದು ಮೂರು ಸಲ ಹೇಳಿದ್ದಳು.

ಅದು ಪಿಸಂಕ. ಈಸ್ಟರ್ ಹೊತ್ತಿಗೆ ಆ ದೇಶದ ಹೆಂಗಸರು ಹಸಿ ಮೊಟ್ಟೆಯ ಮೇಲೆ ಕರಗಿದ ಜೇನುಮೇಣದಲ್ಲಿ ಗೆರೆ ಎಳೆದು, ಒಂದಾದ ಮೇಲೊಂದು ಬಣ್ಣದಲ್ಲಿ ಅದ್ದಿ, ಕೊನೆಗೆ ದೀಪದ ಬಿಸಿಗೆ ಮೇಣ ಒರೆಸಿ ತೆಗೆಯುತ್ತಾರೆ. ಇದು ಒಕ್ಸಾನಾಳ ಅಜ್ಜಿ ಬರೆದದ್ದು. ಹಬ್ಬ, ದೇವರು ಎಂದವರ ಮೇಲೆ ಸೋವಿಯತ್ ಅಧಿಕಾರಿಗಳು ಕಣ್ಣಿಟ್ಟಿದ್ದ ಕಾಲ. ಶೋಧಕ್ಕೆ ಬಂದಾಗ ಅಜ್ಜಿ ಅದನ್ನು ಗೋಧಿ ಮೂಟೆಯೊಳಗೆ ಹುದುಗಿಸಿದ್ದಳಂತೆ. ಸುತ್ತ ನಲವತ್ತು ತ್ರಿಕೋನ. ರಂಗೋಲಿಯಲ್ಲಿ ಪಳಗಿದ ಸೀತಾಲಕ್ಷ್ಮಿ ಮೊದಲ ಸಲ ನೋಡಿದಾಗ ಒಂದೊಂದನ್ನೂ ಎಣಿಸಿದ್ದಳು.

ರಮಾನಂದನ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಸಾಲದ್ದಕ್ಕೆ ಆ ವರ್ಷ ಅವನು ಹಾಲಿನ ಡಬ್ಬ, ಕಾರಿನ ಕೀ, ಕೊತ್ತಂಬರಿ ಸೊಪ್ಪನ್ನೂ ಸೋಪು ಹಾಕಿ ತೊಳೆಯುತ್ತಿದ್ದ. ಹೇಳಿದರೆ ರಂಪವಾಗುತ್ತದೆಂದು ಅವಳು ಪೆಟ್ಟಿಗೆಯನ್ನು ಮೂರು ದಿನ ಬಾಲ್ಕನಿಯಲ್ಲಿಟ್ಟು, ಆಮೇಲೆ ಮೊಟ್ಟೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು. "ಇದನ್ನ ಒರೆಸಬೇಡಿ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ನೆನಪಾದಷ್ಟೂ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಕೋಪ ಬರುತ್ತಿತ್ತು.

ಒಕ್ಸಾನಾ ವಾಪಸು ಬಂದ ದಿನ ರಮಾನಂದ ಒಂದು ಪಾರ್ಸೆಲ್ ತಂದು ಮುಂದಿಟ್ಟ. "ಆನ್‌ಲೈನಲ್ಲಿ ತರಿಸಿದೆ. ಮರದ್ದು, ರಷ್ಯನ್ ಡಿಸೈನು. ಎಲ್ಲಾ ಒಂದೇ ಕಣೇ. ಕೊಟ್ಟುಬಿಡು, ಗೊತ್ತಾಗಲ್ಲ."

"ಎಲ್ಲಾ ಒಂದೇನಾ?" ಅವಳು ಪಾರ್ಸೆಲನ್ನು ಅವನತ್ತ ತಳ್ಳಿದಳು. "ಮಾಮಾಕ್ ಟೀ ಅಂಗಡಿಯವನು ತಮಿಳಲ್ಲಿ ಮಾತಾಡಿಸಿದ್ರೆ, ಟೀ ಆರೋವರೆಗೂ ಅವನಿಗೆ ಕರ್ನಾಟಕದ ಚರಿತ್ರೆ ಹೇಳ್ತೀರಲ್ಲ! ಆವಾಗ ಎಲ್ಲಾ ಒಂದೇ ಅನ್ಸಲ್ವೇನ್ರೀ? ಅವಳಿಗೆ ರಷ್ಯನ್ ಮೊಟ್ಟೆ ಕೊಡ್ಲಾ ನಾನು?"

ಬೋಳು ಮೊಟ್ಟೆಯನ್ನೇ ಹಿಡಿದು ಎದುರು ಬಾಗಿಲು ತಟ್ಟಿದಳು. ನಡೆದದ್ದನ್ನು ಒಂದೂ ಬಿಡದೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಮಾಸ್ಕಿನ ಮೇಲೆ ಒಕ್ಸಾನಾಳ ಕಣ್ಣು ಕೆಂಪಾದವು. ಮೊಟ್ಟೆಯನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಒಣಗಿದ ಹಳದಿ ಗುಂಡು ಲೊಟಲೊಟ ಅಂದಿತು.

"ಅಜ್ಜಿ ಅಧಿಕಾರಿಗಳಿಗೆ ಹೆದರಿ ಬಚ್ಚಿಟ್ಟಳು," ಎಂದಳು ಒಕ್ಸಾನಾ. "ಸಿಕ್ಕಿಬಿದ್ದಿದ್ದರೆ ಅವಳನ್ನು ಎಲ್ಲಿಗೆ ಕಳಿಸುತ್ತಿದ್ದರೋ. ನೀನು ಯಾರಿಗೆ ಹೆದರಿ ಬಚ್ಚಿಟ್ಟೆ?"

ಸೀತಾಲಕ್ಷ್ಮಿ ಹಿಂದಿರುಗಿ ನೋಡಿದಳು. ರಮಾನಂದ ಪಾರ್ಸೆಲ್ ಹಿಡಿದು ತಮ್ಮ ಬಾಗಿಲಲ್ಲಿ ನಿಂತಿದ್ದ. ಅವಳು ಉತ್ತರ ಹೇಳುವ ಮೊದಲೇ ಒಕ್ಸಾನಾ ಬಾಗಿಲು ಹಾಕಿಕೊಂಡಳು.

ಸೀತಾಲಕ್ಷ್ಮಿ ನೇರ ಮನೆಗೆ ಹೋಗಲಿಲ್ಲ. ಲಿಫ್ಟಿನಲ್ಲಿ ಕೆಳಗಿಳಿದು, ಮಿನಿ ಮಾರ್ಕೆಟ್ಟಿನಿಂದ ಒಂದು ಡಜನ್ ಬಿಳಿ ಮೊಟ್ಟೆ ತಂದು ಅಡುಗೆಕಟ್ಟೆಯ ನಟ್ಟನಡುವೆ ಇಟ್ಟಳು. ರಮಾನಂದ ಬಾಯಿ ತೆರೆದ.

"ಮೊಟ್ಟೆ ರೀ. ಬಚ್ಚಿಟ್ಟಿಲ್ಲ, ಸರಿಯಾಗಿ ನೋಡ್ಕೊಳ್ಳಿ," ಎಂದಳು. "ನಾಳೆ ಒಕ್ಸಾನಾ ಹತ್ರ ಹೋಗಿ ಮೊಟ್ಟೆ ಮೇಲೆ ಬರೆಯೋದು ಹೇಳ್ಕೊಡು ಅಂತ ಕೇಳ್ತೀನಿ. ಬಾಗಿಲು ತೆಗೀದಿದ್ರೆ ನಾಡಿದ್ದೂ ಹೋಗ್ತೀನಿ. ಅವಳು ತೆಗೆಯೋವರೆಗೂ ಇವು ಇಲ್ಲೇ ಇರ್ತವೆ."