ಕಾರಿಗೆ ಹೊಲಿದ ಅಂಗಿ

ಆ ಬೀದಿಯಲ್ಲಿ ಬೆಳಗಿನ ಬಿಸಿಲು ಮೊದಲು ಬಂದು ಕೂರುತ್ತಿದ್ದದ್ದು ಹಾಸಿಗೆ ಹೊಲಿಯುವವನ ಮನೆ ಪಕ್ಕದ ಬಯಲಿನಲ್ಲಿ. ಬಯಲೆಂದರೆ ದೊಡ್ಡದೇನಲ್ಲ. ನಾಲ್ಕು ಹಾಸಿಗೆ ಬಿಚ್ಚಿ ಹರವಿ, ನಡುವೆ ಕೂತು ಹತ್ತಿ ಬಡಿಯಲು ಸಾಲುವಷ್ಟು. ಮೂರು ಕಡೆ ಮೊಣಕಾಲೆತ್ತರದ ಗೋಡೆ, ಬೀದಿಯ ಕಡೆ ಮಾತ್ರ ತೆರಪು. ಅಪ್ಪನಿಂದ ಬಂದದ್ದು. ಕಾಗದ ಪತ್ರ ಎಲ್ಲ ಸರಿಯಾಗಿತ್ತು, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೂ ಈಗ ಅಲ್ಲಿ ಪಕ್ಕದ ಮನೆಯ ಔಷಧಿ ಅಂಗಡಿಯವರ ಎರಡು ಕಾರು ನಿಂತಿದ್ದವು.

ಆ ಜಾಗವಿಲ್ಲದಿದ್ದರೆ ತನ್ನ ಕಸುಬು ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹತ್ತಿಗೆ ಬಿಸಿಲು ಬೇಕು. ಮಹಡಿಯ ಮೇಲೂ ಬಿಸಿಲಿದೆ ನಿಜ, ಆದರೆ ಹಾಸಿಗೆ ಹೊತ್ತು ಮೆಟ್ಟಿಲು ಹತ್ತುವ ಮಂಡಿಗಳು ಇನ್ನು ಅವನವಲ್ಲ. ಹತ್ತುವಾಗ ಒಂದು ನೋವು, ಇಳಿಯುವಾಗ ಇನ್ನೊಂದು. ದೇವರು ಕೈಗಳನ್ನು ಇನ್ನೂ ಗಟ್ಟಿಯಾಗಿ ಉಳಿಸಿದ್ದಾನೆ, ಕೂತು ಮಾಡುವ ಕೆಲಸವೂ ಇದೆ, ಕೂರುವ ನೆಲ ಮಾತ್ರ ಇಲ್ಲ.

ಶುರುವಾದದ್ದು ಹೀಗೆ. ಔಷಧಿ ಅಂಗಡಿಯವರು ತಮ್ಮ ಗೇಟು ಕಿತ್ತು ಹೊಸದು ಕೂರಿಸುವಾಗ, "ಯಜಮಾನ್ರೇ, ನಾಲ್ಕು ದಿನ ಗಾಡಿ ನಿಮ್ಮ ಜಾಗದಲ್ಲಿ ಇರ್ಲಾ?" ಎಂದು ಕೇಳಿದರು.

"ಅದಕ್ಕೇನಂತೆ, ನಿಲ್ಸಿ" ಅಂದುಬಿಟ್ಟ. ಕೇಳಿದವರಿಗೆ ಇಲ್ಲ ಅನ್ನಲು ಅವನ ನಾಲಿಗೆ ಎಂದೂ ಎದ್ದದ್ದಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾಲ್ಕು ದಿನದಲ್ಲಿ ಮುಗಿಯುತ್ತಿತ್ತೋ ಏನೋ. ಆದರೆ ಮಾರನೆಯ ದಿನ ಅವನು ಹತ್ತಿ ಬಡಿಯಲು ಕೂತಾಗ ಅರಳೆ ಎದ್ದು ಹಾರಿ, ಇಬ್ಬನಿ ಕೂತ ಕಾರಿಗೆ ಹೋಗಿ ಮೆತ್ತಿಕೊಂಡಿತು. ಕಪ್ಪು ಕಾರು ನೋಡನೋಡುತ್ತ ಕುರಿಯಾಯಿತು. ಅವನಿಗೆ ಮೈಯೆಲ್ಲ ಸಂಕೋಚ. ಮನೆಗೆ ಬಂದವರ ಮೇಲೆ ಎಂಜಲು ಹಾರಿಸಿದ ಹಾಗೆ ಅನ್ನಿಸಿತು. ಹತ್ತಿ ಬಡಿಯುವ ಕಡೆ ಏನಿದ್ದರೂ ಮೊದಲು ಬಟ್ಟೆ ಹೊದಿಸು ಎಂದು ಅಪ್ಪ ಕಲಿಸಿದ್ದ ಕೈ ಅದು. ನೀರಿನ ಕೊಡಕ್ಕೆ ಹೊದಿಸುತ್ತಿತ್ತು, ತೊಟ್ಟಿಲಿಗೆ ಹೊದಿಸುತ್ತಿತ್ತು, ಈಗ ಕಾರಿಗೂ ಹೊದಿಸಿತು. ಗಾಳಿಗೆ ಬಟ್ಟೆ ಜಾರಿತು. ಜಾರುವ ಕೆಲಸ ಅವನಿಗೆ ಆಗದು. ಹಾಸಿಗೆಯ ಪಟ್ಟೆ ಬಟ್ಟೆ ತಂದು, ಅಳತೆ ತೆಗೆದು, ಕನ್ನಡಿಗಳಿಗೆ ಎರಡು ಕಿವಿ ಬಿಟ್ಟು, ದಬ್ಬಳದಲ್ಲಿ ಗಟ್ಟಿ ಹೊಲಿಗೆ ಹಾಕಿ ಒಂದು ಹೊದಿಕೆಯನ್ನೇ ಹೊಲಿದುಕೊಟ್ಟ.

ಅಂಗಡಿಯವರು ಕಾರಿನ ಸುತ್ತ ಎರಡು ಸುತ್ತು ಬಂದು ನೋಡಿದರು. ಅವರ ಮುಖ ಅರಳಿತು. "ಏನ್ ಕೆಲಸ ಯಜಮಾನ್ರೇ! ನಮ್ಮ ಮನೇಲಿ ನನಗೇ ಇಷ್ಟು ಉಪಚಾರ ಇಲ್ಲ."

ಅಂದಿನಿಂದ ಕಾರು ಅಲ್ಲಿಯದೇ ಆಯಿತು. ಹೊಸ ಗೇಟು ಕೂತಿತು. ಗೇಟಿನ ಒಳಗೆ ಕಾರಿನ ಜಾಗದಲ್ಲಿ ಅಂಗಡಿಯ ಖಾಲಿ ಪೆಟ್ಟಿಗೆಗಳು ಕೂತವು. ಸ್ವಲ್ಪ ಕಾಲಕ್ಕೆ ಅವರ ಅಳಿಯನ ಕಾರೂ ಬಂತು. ಅಳಿಯ ಕೇಳಲೂ ಇಲ್ಲ. ಕೇಳುವುದು ಏನಿದೆ, ಮಾವನ ಕಾರಿನ ಪಕ್ಕ ಜಾಗವಿತ್ತು.

ಆ ದಿನ ಹೆಂಡತಿ ಹೊರಗೆ ಬಂದಾಗ ಅವನು ಟೇಪು ಹಿಡಿದು ಅಳಿಯನ ಕಾರಿನ ಹಿಂದೆ ಬಗ್ಗಿದ್ದ.

"ಏನ್ರೀ ಮಾಡ್ತಿದ್ದೀರಿ?"

"ಏನಿಲ್ಲ. ಅಗಲ ನೋಡ್ತಿದ್ದೆ."

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಒಂದು ರವಿಕೆ ಹೊಲಿದು ಕೊಟ್ಟವರಲ್ಲ. ಕಂಡವರ ಕಾರಿಗೆ ಅಂಗಿ ಹೊಲೀತೀರಿ. ಮುಂದಿನ ವಾರ ಚಡ್ಡಿನೂ ಹೊಲಿದುಬಿಡಿ, ಬಡಪಾಯಿಗೆ ಚಳಿ ಆಗುತ್ತೆ."

ಅವನು ನಕ್ಕ. ಅವಳು ನಗಲಿಲ್ಲ. ಆದರೂ ಎರಡನೆಯ ಅಂಗಿ ಹೊಲಿದ. ಅರಳೆ ಹಾರುತ್ತದಲ್ಲ, ಏನು ಮಾಡುವುದು.

ಹಾಗೆ ಅವನು ಬಯಲಿನ ನಡುವಿನಿಂದ ಮೂಲೆಗೆ ಸರಿದ, ಮೂಲೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಒಳಗೆ. ನಡುಮನೆಯಲ್ಲಿ ಹತ್ತಿ ಬಡಿದರೆ ಅನ್ನದಲ್ಲಿ ಅರಳೆ, ಹಾಲಿನಲ್ಲಿ ಅರಳೆ, ದೇವರ ದೀಪದ ಬುಡದಲ್ಲೂ ಅರಳೆ. ಹೆಂಡತಿಗೆ ಕೆಮ್ಮು ಹಿಡಿಯಿತು. ಬಿಸಿಲು ಕಾಣದ ಹತ್ತಿ ಮುಗ್ಗಲು ವಾಸನೆ ಹಿಡಿದು, ಹೊಲಿಸಿಕೊಂಡವರು ಹಿಂದಕ್ಕೆ ತಂದುಕೊಟ್ಟರು.

ಒಂದು ಸಂಜೆ ಹೇಳಿಯೇ ಬಿಡುತ್ತೇನೆಂದು ಔಷಧಿ ಅಂಗಡಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅಂಗಡಿಯವರು ಅವನನ್ನು ಕಂಡೊಡನೆ ಗಿರಾಕಿಗಳನ್ನು ಸರಿಸಿ, ಸ್ಟೂಲು ಕೊಟ್ಟು, "ಮನೇಲಿ ಅಮ್ಮಾವ್ರ ಕೆಮ್ಮು ಗೋಡೆ ಆಚೆಗೂ ಕೇಳುತ್ತೆ ಯಜಮಾನ್ರೇ, ಇದು ಕೊಡಿ" ಎಂದು ಒಂದು ಬಾಟಲಿ ಕೈಗಿಟ್ಟರು. ದುಡ್ಡು ಬೇಡ ಅಂದರು. ಅವನು ಬಾಟಲಿ ಹಿಡಿದುಕೊಂಡು ಮನೆಗೆ ಬಂದ.

ಹೆಂಡತಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಜಾಗ ಕೇಳೋಕೆ ಹೋದವರು ಟಾನಿಕ್ ತಂದ್ರಾ?"

"ಒಳ್ಳೆಯವರು ಕಣೇ ಅವರು."

"ಕೆಟ್ಟವರು ಅಂತ ನಾನು ಯಾವಾಗ ಅಂದೆ? ಕೆಟ್ಟವರಾಗಿದ್ರೆ ಎಂದೋ ಜಗಳ ಆಡಿ ಮುಗಿಸಬಹುದಿತ್ತು."

ಅವನಿಗೂ ಅದೇ ಸುಸ್ತು. ಬೈದು ಬಿಡುವ ಹಾಗಿಲ್ಲ, ಬಿಟ್ಟು ಇರುವ ಹಾಗಿಲ್ಲ. ದಾಕ್ಷಿಣ್ಯವೆಂಬುದು ಒದ್ದೆ ಹಾಸಿಗೆಯ ಹಾಗೆ. ದಿನದಿನಕ್ಕೂ ತೂಕ ಏರುತ್ತದೆ, ಹೊತ್ತವನಿಗೆ ಮಾತ್ರ ಗೊತ್ತು.

ಆಮೇಲೊಂದು ದಿನ ಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿ ಬಂದಳು. ಹಾಸ್ಟೆಲಿನ ಹಾಸಿಗೆಗಳನ್ನೆಲ್ಲ ಬಿಚ್ಚಿ, ಹಿಂಜಿ, ಬಿಸಿಲು ತೋರಿಸಿ ಹೊಸದಾಗಿ ಹೊಲಿಯಬೇಕಿತ್ತು. ಇಬ್ಬರ ಹೊಟ್ಟೆಪಾಡು ವರ್ಷಪೂರ್ತಿ ನಡೆಯುವಂಥ ಕೆಲಸ. ಅವಳು ಮನೆಯೊಳಗೆ ಇಣುಕಿದಳು, ಬಯಲಿಗೆ ಬಂದಳು, ಪಟ್ಟೆ ಪಟ್ಟೆ ಅಂಗಿ ತೊಟ್ಟು ನಿಂತ ಎರಡು ಕಾರುಗಳನ್ನು ನೋಡಿದಳು.

"ಇವು ಯಾರವು?"

"ಪಕ್ಕದವರವು."

"ಜಾಗ?"

"ನಮ್ಮದೇ."

ಅವಳು ಅವನ ಮುಖವನ್ನೊಮ್ಮೆ, ಕಾರುಗಳನ್ನೊಮ್ಮೆ ನೋಡಿದಳು. "ನೋಡಿ ಅಣ್ಣ, ನಿಮ್ಮ ಕೈಕೆಲಸ ನಂಗೊತ್ತು. ಆದ್ರೆ ಮಕ್ಕಳು ಮಲಗೋ ಹಾಸಿಗೆ, ಬಿಸಿಲು ಬೀಳದೆ ಇದ್ರೆ ತಿಗಣೆ ಹೋಗಲ್ಲ. ಸೋಮವಾರ ಗಾಡೀಲಿ ಹಾಸಿಗೆ ಕಳಿಸ್ತೀನಿ. ಹರವೋಕೆ ಜಾಗ ಇದ್ರೆ ಇಳಿಸ್ಕೊಳ್ಳಿ. ಇಲ್ಲ ಅಂದ್ರೆ ಗಾಡಿ ಹಾಗೇ ತಿರುಗುತ್ತೆ, ನಾವು ಫೋಮ್ ತರಿಸ್ತೀವಿ. ಬೇಜಾರ್ ಮಾಡ್ಕೋಬೇಡಿ."

ಭಾನುವಾರ ಅವನು ನಸುಕಿನಲ್ಲಿ ಎದ್ದು, ಮುಖ ತೊಳೆದು, ದೀಪದ ಮುಂದೆ ಕೂತ. ಇಷ್ಟು ದಿನ ಅವನು ಬೇಡಿದ್ದು, 'ಅಂಗಡಿಯವರಿಗೆ ತಾನಾಗಿ ತಿಳಿಯುವ ಹಾಗೆ ಮಾಡಪ್ಪ' ಎಂದು. ಅಂದು ಹಾಗೆ ಬೇಡಲು ನಾಚಿಕೆಯಾಯಿತು. ತಾನು ಆಡಬೇಕಾದ ಎರಡು ಮಾತನ್ನು ದೇವರ ಕೈಯಲ್ಲಿ ಆಡಿಸುವುದು ಯಾವ ನ್ಯಾಯ? 'ನನ್ನ ಬಾಯಿಗೆ ಬೇಕಾದಷ್ಟು ಮಾತು ಕೊಡು, ಹೆಚ್ಚು ಬೇಡ. ಸಿಟ್ಟು ಕೊಡಬೇಡ' ಎಂದಷ್ಟೇ ಕೇಳಿ ಎದ್ದ.

ಬಯಲಿಗೆ ಹೋಗಿ ಎರಡೂ ಕಾರಿನ ಅಂಗಿ ಬಿಚ್ಚಿ, ಮಡಿಸಿ, ಅಂಗಡಿಯವರ ಗೇಟಿನ ಮೇಲಿಟ್ಟ. ಒಳಗಿನಿಂದ ಹತ್ತಿಯ ಮೂಟೆ ಎಳೆದುತಂದು ಕಾರುಗಳ ನಡುವಿನ ಸಂದಿಯಲ್ಲೇ ಚಾಪೆ ಹಾಸಿ ಕೂತ. ಕೋಲೆತ್ತಿ ಬಡಿಯತೊಡಗಿದ. ಅರಳೆ ಎದ್ದಿತು, ಹಾರಿತು, ಎಲ್ಲಿ ಕೂರಬೇಕೋ ಅಲ್ಲಿ ಕೂತಿತು.

ಬಿಸಿಲು ಗೋಡೆ ದಾಟುವ ಹೊತ್ತಿಗೆ ಅಂಗಡಿಯವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. ಬ್ರಷ್ಷು ತೆಗೆದರು.

"ಯಜಮಾನ್ರೇ, ಇವತ್ತು ಕವರ್ ಹಾಕೋದು ಮರೆತ್ರಾ?"

"ಮರೀಲಿಲ್ಲ. ಹಾಕ್ಲಿಲ್ಲ."

"ಯಾಕೆ, ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ. ನಾಳೆ ಹಾಸ್ಟೆಲಿನ ಹಾಸಿಗೆ ಬರ್ತಾವೆ. ನನಗೆ ಈ ಜಾಗ ಬೇಕು. ಗಾಡಿ ತೆಗೀಬೇಕು ನೀವು." ಹೇಳುವಾಗ ಅವನ ಕೋಲು ನಿಂತಿತ್ತು.

ಅಂಗಡಿಯವರು ಬೆರಳಿನಿಂದ ಕಾರಿನ ಮೇಲಿನ ಅರಳೆ ಒರೆಸಿದರು. ಅದು ಬೆರಳಿಗೇ ಅಂಟಿತು. "ಒಂದ್ ಮಾತು ಮೊದ್ಲೇ ಹೇಳಿದ್ರೆ ಆಗ್ತಿರಲಿಲ್ವಾ? ನೀವಾಗಿ ನೀವೇ ಕವರ್ ಹೊಲಿದು ಕೊಟ್ರಿ. ಒಂದಲ್ಲ, ಎರಡು. ನಿಮಗೂ ಸಂತೋಷ ಅಂತ ನಾವು ಅಂದ್ಕೊಂಡ್ವಿ. ಯಾರಾದ್ರೂ ಬೇಡದ ಗಾಡಿಗೆ ಅಂಗಿ ಹೊಲೀತಾರಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಅದು ನನ್ನ ತಪ್ಪೇ" ಅಂದ. "ಆದ್ರೂ ಜಾಗ ಬೇಕು."

"ಹೋಗ್ಲಿ, ಹೀಗೆ ಮಾಡೋಣ. ನೀವು ಹತ್ತಿ ಬಡಿಯೋ ದಿನ ಹಿಂದಿನ ಸಂಜೆ ಒಂದು ಕೂಗು ಹಾಕಿ. ಆವತ್ತು ತೆಗೀತೀನಿ."

ಅವನ ತಲೆ ತಾನಾಗಿಯೇ 'ಆಗಲಿ' ಎಂದು ಅರ್ಧ ಆಡಿತು. ಹೊಸ್ತಿಲಲ್ಲಿ ಹೆಂಡತಿ ಕೆಮ್ಮಿದಳು. ಬೇಕೆಂದೇ ಕೆಮ್ಮಿದ್ದಲ್ಲ, ಅದು ಅವಳ ನಿಜವಾದ ಕೆಮ್ಮು. ಅವನು ತಲೆಯನ್ನು ನಿಲ್ಲಿಸಿದ.

"ದಿನಾ ಬಡೀತೀನಿ" ಅಂದ.

ಅಂಗಡಿಯವರು ಒಳಗೆ ಹೋಗಿ ಬೀಗದ ಕೈ ತಂದು ಒಂದೊಂದಾಗಿ ಎರಡೂ ಕಾರು ತೆಗೆದರು. ವೈಪರ್ ಹಾಕಿದಾಗ ಅರಳೆ ಗಾಜಿನ ಮೇಲೆ ಹಿಟ್ಟಿನ ಹಾಗೆ ಬಳಿದುಕೊಂಡಿತು. ಅವನ ಕೈ ಒರೆಸಲು ಬಟ್ಟೆ ಹುಡುಕಿತು. ಹುಡುಕುವ ಕೈಯನ್ನು ಹತ್ತಿಯೊಳಗೆ ಹುದುಗಿಸಿಕೊಂಡು ಕೂತ. ಒಂದು ಕಾರು ಪೆಟ್ಟಿಗೆಗಳನ್ನು ಸರಿಸಿಕೊಂಡು ಗೇಟಿನೊಳಗೆ ಹೋಯಿತು, ಇನ್ನೊಂದು ಬೀದಿಯ ಅಂಚಿಗೆ ನಿಂತಿತು. ಅಂಗಡಿಯವರ ಹೆಂಡತಿ ಕಿಟಕಿಯಿಂದ ನೋಡಿ ಪರದೆ ಎಳೆದಳು.

ಸೋಮವಾರ ಗಾಡಿ ಬಂತು. ಹಾಸಿಗೆ ಇಳಿದವು. ಅಂಗಡಿಯವರು ಕೆಲಸಕ್ಕೆ ಹೊರಟವರು ಎಂದಿನ ಹಾಗೆ "ಏನ್ ಯಜಮಾನ್ರೇ" ಅನ್ನಲಿಲ್ಲ, ನೆಲ ನೋಡುತ್ತ ದಾಟಿದರು.

"ಮಾತು ಬಿಟ್ರು" ಅಂದಳು ಹೆಂಡತಿ.

"ಹೂಂ."

"ಆಡ್ತಾರೆ ಬಿಡಿ, ಎಷ್ಟು ದಿನ ಹಾಗಿರ್ತಾರೆ."

ಆಡಿಯಾರು, ಆಡದೆಯೂ ಇದ್ದಾರು. ಅವನಿಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ತುಂಬ ದೂರದಿಂದ ನಡೆದು ಬಂದು ತನ್ನದೇ ಮನೆಯ ಬಾಗಿಲು ತಟ್ಟಿದವನ ಆಯಾಸ ಅವನದು. ಮೊದಲ ಹಾಸಿಗೆಯ ಹೊಲಿಗೆ ಬಿಚ್ಚಿದ. ಎಷ್ಟೋ ಮಕ್ಕಳ ಮೈಭಾರಕ್ಕೆ ಗಟ್ಟಿಯಾಗಿ ಹೋಗಿದ್ದ ಹತ್ತಿ, ಬಿಸಿಲು ತಗುಲುತ್ತಿದ್ದ ಹಾಗೆ ಹಳೆಯ ಉಸಿರು ಬಿಡತೊಡಗಿತು.

"ಆ ಕಡೆ ತುದಿ ಹಿಡೀತೀಯಾ? ಮಗುಚಬೇಕು."

ಅವಳು ಸೆರಗು ಸಿಕ್ಕಿಸಿಕೊಂಡು ಬಂದು ತುದಿ ಹಿಡಿದಳು. "ಹಿಡಿದೆ. ನಿಧಾನ, ಮಂಡಿ ನೋಡ್ಕೊಳ್ಳಿ."

ಇಬ್ಬರೂ ಸೇರಿ ಹಾಸಿಗೆ ಮಗುಚಿದರು.