ಇಪ್ಪತ್ತೆರಡನೆಯ ಮೈಲಿ

ಇಪ್ಪತ್ತೆರಡನೆಯ ಮೈಲಿ ದಾಟುತ್ತಿದ್ದಂತೆ ಪಿಕಪ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ವರ್ನಾ ಅದನ್ನು ರಸ್ತೆಯ ಅಂಚಿಗೆ ಉರುಳಿಸಿ, ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಳು.

"ನೋಡಿದ್ಯಾ ಎಮೆಟ್? ಇದು ಐದನೇ ಸಲ."

"ನಿಲ್ಲಲಿ ಅಂತಾನೇ ಅಲ್ವಾ ಬಂದಿದ್ದು ಟೀಚರ್. ನನ್ನ ಮಾತು ಕೇಳೋ ಗಾಡಿ ಇದೊಂದೇ," ಎಂದ ಪಕ್ಕದಲ್ಲಿದ್ದ ಎಮೆಟ್. ಮೂರನೇ ತರಗತಿಯಲ್ಲಿ ಅವಳ ಹತ್ತಿರ ಮಗ್ಗಿ ಕಲಿತವನಿಗೆ ಈಗ ಐವತ್ತು ದಾಟಿದೆ. ಊರಿನ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ.

ಪಿಕಪ್ ಅರವತ್ತಾರನೇ ಇಸವಿಯದು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟು ಹತ್ತು ವರ್ಷವಾಗಿತ್ತು. ವರ್ನಾಳ ಗಂಡ ಆರ್ಡೆಲ್‌ಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಅದೂ ನಲವತ್ತೆಂಟು ಮೈಲಿ ದೂರದಲ್ಲಿ. ನಾಲ್ಕು ಸಲ ಅವನು ಪಕ್ಕದಲ್ಲಿದ್ದಾಗಲೇ ಗಾಡಿ ನಿಂತಿತ್ತು. ನಾಲ್ಕು ಸಲವೂ ಯಾರಾದರೂ ಪುಣ್ಯಾತ್ಮರು ನಿಲ್ಲಿಸಿ, ತಮ್ಮ ಗಾಡಿಯಲ್ಲಿದ್ದ ಕ್ಯಾನ್ ತಂದು ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲ್ ಸುರಿದಿದ್ದರು. ಗಾಡಿ ತಕ್ಷಣ ಹೊರಟಿತ್ತು. ಊರಿನವರಿಗೆ ಅಷ್ಟು ಸಾಕಾಯಿತು: ಪಾಪ, ವರ್ನಾಗೆ ಮರೆವು.

ಅದು ಬಿಲ್ಲಿಂಗ್ಸ್ ನಗರದಲ್ಲಿರುವ ಮಗಳು ಕಾರ್ಲಾಳ ಕಿವಿಗೂ ಬಿತ್ತು. "ಭಾನುವಾರ ಬಂದು ಗಾಡಿ ಕೀ ಇಸ್ಕೊಂಡು ಹೋಗ್ತೀನಮ್ಮ. ಇಲ್ಲಿ ಒಂದು ಒಳ್ಳೇ ವೃದ್ಧಾಶ್ರಮದಲ್ಲಿ ನಿಮ್ಮಿಬ್ಬರಿಗೂ ರೂಮ್ ನೋಡಿದೀನಿ." ಆರ್ಡೆಲ್ ಆ ಇಡೀ ದಿನ ಕಿಟಕಿಯಾಚೆ ಗೋಧಿಯ ಕೂಳೆ ನೋಡುತ್ತ ಕೂತಿದ್ದ. ವರ್ನಾಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಗುರುವಾರ ಪೆಟ್ರೋಲ್ ಪಂಪಿನೆದುರು ನಿಂತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಅದು ಈ ಗುರುವಾರವೋ, ಹಿಂದಿನದೋ? ಆಮೇಲಾಮೇಲೆ ಅವಳು ಹೊರಡುವ ಮುಂಚೆ ಪ್ರತಿ ಸಲವೂ ಟ್ಯಾಂಕ್ ತುಂಬಿಸತೊಡಗಿದಳು. ಗಾಡಿ ಇನ್ನೂ ಬೇಗ ನಿಲ್ಲತೊಡಗಿತು.

ಇಂದು ಶನಿವಾರ. ಬೆಳಿಗ್ಗೆ ಎಮೆಟ್ ತಾನೇ ಎದುರು ನಿಂತು ಟ್ಯಾಂಕ್ ತುಂಬಿಸಿದ್ದ. ಈಗ ಅವನು ಕೆಳಗಿಳಿಯುವಷ್ಟರಲ್ಲಿ ಹಿಂದಿನಿಂದ ಬಂದ ಗಾಡಿಯೊಂದು ನಿಂತಿತು. ಪಕ್ಕದ ಹೊಲದ ಮಿಲ್ಟನ್, ಕೈಯಲ್ಲಿ ಆಗಲೇ ಕೆಂಪು ಕ್ಯಾನ್.

"ಮತ್ತೆ ಖಾಲಿಯಾಯ್ತಾ ವರ್ನಾ? ಇರಲಿ ಬಿಡು, ಎಲ್ರಿಗೂ ಆಗುತ್ತೆ. ನಾನು ಮೊನ್ನೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕಿದೆ."

"ಕ್ಯಾನ್ ಕೆಳಗಿಡಿ ಮಿಲ್ಟನ್," ಎಂದ ಎಮೆಟ್. "ಒಂದು ಹನೀನೂ ಹಾಕ್ಬೇಡಿ. ಸುಮ್ನೆ ನಿಂತು ಕೇಳಿಸ್ಕೊಳ್ಳಿ."

ಬಾಗಿಲ ಹಿಂಬದಿಯಲ್ಲಿದ್ದ ಟ್ಯಾಂಕಿನ ಮುಚ್ಚಳಕ್ಕೆ ಕೀ ಹಾಕಿ ಮೆಲ್ಲನೆ ತಿರುಗಿಸಿದ. ಸುಯ್ಯೆಂದು ಗಾಳಿ ಒಳನುಗ್ಗಿತು. ಸದ್ದು ನಿಲ್ಲಲು ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಿತು. ಕೊನೆಗೆ ಟ್ಯಾಂಕಿನ ತಗಡು ಡಬ್ಬೆಂದಿತು.

"ಈಗ ಸ್ಟಾರ್ಟ್ ಮಾಡಿ ಟೀಚರ್."

ಒಂದೇ ಸಲಕ್ಕೆ ಹೊತ್ತಿಕೊಂಡಿತು.

"ಪೆಟ್ರೋಲ್ ಕೆಳಗೆ ಹೋದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು," ಎಂದ ಎಮೆಟ್. "ಆ ಕಾಲದ ಗಾಡಿಗೆ ಗಾಳಿಯ ದಾರಿ ಮುಚ್ಚಳದಲ್ಲೇ ಇರೋದು, ಸಣ್ಣ ತೂತು. ಈ ಮುಚ್ಚಳದಲ್ಲಿ ಅದಿಲ್ಲ, ಇದು ಹೊಸ ಗಾಡಿಗಳದ್ದು. ಸ್ವಲ್ಪ ದೂರ ಹೋದ್ಮೇಲೆ ಇಂಜಿನ್ನಿನ ಪಂಪ್ ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ. ಟ್ಯಾಂಕ್ ತುಂಬಾ ಇದ್ರಂತೂ ಒಳಗೆ ಗಾಳೀನೇ ಕಮ್ಮಿ, ಇನ್ನೂ ಬೇಗ ನಿಲ್ಲುತ್ತೆ. ಸಹಾಯಕ್ಕೆ ಬಂದೋರೆಲ್ಲ ಮೊದಲು ಮಾಡಿದ್ದು ಮುಚ್ಚಳ ತೆಗೆದಿದ್ದು. ಗಾಡಿ ಹೊರಟಿದ್ದು ಅದರಿಂದ. ಅವರು ಸುರಿದಿದ್ದೆಲ್ಲ ದಂಡ."

"ಹಾಗಾದ್ರೆ ಪೆಟ್ರೋಲ್ ಇತ್ತಾ?"

"ಐದು ಸಲಾನೂ ಇತ್ತು ಟೀಚರ್."

ವರ್ನಾ ಕರವಸ್ತ್ರಕ್ಕೆಂದು ಕೋಟಿನ ಜೇಬು ತಡಕಿದಳು, ಸಿಗಲಿಲ್ಲ, ತೋಳಿನಿಂದಲೇ ಮುಖ ಒರೆಸಿಕೊಂಡಳು.

ಮಿಲ್ಟನ್ ಮಾತ್ರ ಮುಚ್ಚಳವನ್ನೇ ನೋಡುತ್ತಿದ್ದ. ಕುತ್ತಿಗೆಯವರೆಗೆ ಕೆಂಪೇರಿತ್ತು. "ಅದು... ನಾನೇ ತಂದುಕೊಟ್ಟಿದ್ದು. ಆಗಸ್ಟಲ್ಲಿ ಯಾರೋ ಇವಳ ಪೆಟ್ರೋಲ್ ಕದ್ದರಲ್ಲ, ಅದಕ್ಕೇ ಬೀಗದ್ದು ಇರಲಿ ಅಂತ. ದೇವರೇ, ಆರ್ಡೆಲ್‌ನ ಕೂರಿಸ್ಕೊಂಡು ನೀನು..."

ಎಮೆಟ್ ಬೂಟಿನ ಲಾಡಿ ಕಟ್ಟುವವನಂತೆ ಬಗ್ಗಿದ. ಅವನ ಬೂಟಿಗೆ ಲಾಡಿಯಿರಲಿಲ್ಲ.

"ಆಮೇಲೆ ಒಂದು ಹನಿ ಕಳವಾಗಿಲ್ಲ ಮಿಲ್ಟನ್," ಎಂದಳು ವರ್ನಾ. "ಎಮೆಟ್, ತೂತಿರೋದು ತರಿಸು. ಆದ್ರೆ ಬೀಗ ಇರ್ಬೇಕು. ನನಗೀಗ ಅದೇ ಅಭ್ಯಾಸ."

"ತರಿಸ್ತೀನಿ. ಅಲ್ಲೀವರೆಗೆ ಸಡಿಲ ಬಿಟ್ಟು ಓಡಿಸಿ, ಪೂರ್ತಿ ತುಂಬಿಸ್ಬೇಡಿ. ಕಾರ್ಲಾ ಬರಲಿ, ಅವಳ ಕೈಯಲ್ಲೇ ಮುಚ್ಚಳ ತೆಗೆಸ್ತೀನಿ."

"ಅವಳು ನಿನ್ನ ಮಾತು ನಂಬಲ್ಲ ಕಣೋ. ಕ್ಲಾಸಲ್ಲಿ ನಿನ್ನನ್ನ ಹಿಂದಿನ ಬೆಂಚಲ್ಲೇ ನೋಡಿದೋಳು."

ಮಿಲ್ಟನ್ ಮೊದಲು ನಕ್ಕ. ಆಮೇಲೆ ಕ್ಯಾನನ್ನು ತನ್ನ ಗಾಡಿಯ ಹಿಂಭಾಗದಲ್ಲಿಟ್ಟು, ಅವಳ ಬಾಗಿಲನ್ನು ಎರಡು ಸಲ ತಟ್ಟಿ ಹೊರಟುಹೋದ.

ಮುಚ್ಚಳ ಸಡಿಲ ಬಿಟ್ಟು ವಾಪಸು ಬರುವಾಗ ಊರು ಯಾವಾಗ ಹತ್ತಿರವಾಯಿತೋ ವರ್ನಾಗೆ ತಿಳಿಯಲಿಲ್ಲ. ಎಮೆಟ್ ನಿದ್ದೆಹೋಗಿದ್ದ. ದೂರದಿಂದ ಗೋಧಿ ತುಂಬಿದ ಲಾರಿಯೊಂದು ಎದುರು ಬಂತು. ಈ ರಸ್ತೆಯಲ್ಲಿ ಎಲ್ಲರೂ ಮಾಡುವಂತೆ ಅವಳು ವಂದನೆಗೆಂದು ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿದಳು. ಲಾರಿಯವನು ಯಾರೋ ಗುರುತಾಗಲಿಲ್ಲ, ಅವನೂ ಎತ್ತಿದ.